ಮದ್ಯಸಾರವೂ ಮೋಟಾರೂ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಮೋಟಾರು ಯಂತ್ರದ ಮಾತನ್ನೆತ್ತಿದರೆ ನಗುವವರು ಇದ್ದೇ ಇರುತ್ತಾರೆ. ಹಾಸ್ಟೆಲಿನಲ್ಲಿ ನನ್ನ ಕೊಠಡಿಯಲ್ಲಿಯೇ ಇರುವ ಪಾಲಿಟೆಕ್ನಿಕ್ಕಿನ ಮಿತ್ರನು ಈ ಲೇಖನದ ಶೀರ್ಷಿಕೆಯನ್ನು ನೋಡಿ, "ನಿನಗೆ ಪಂಚವಾರ್ಷಿಕ ಯೋಜನೆ ಸಾಲದೆ ಹೋಯಿತೇ?" ಎಂದು ಹಾಸ್ಯ ಮಾಡಿದನು. ಅವನ ಹಾಸ್ಯ ನ್ಯಾಯವಾದುದೇ. ಆದರೆ ನಾನು ಈ ವಿಷಯವನ್ನು ಹುಡುಕಿಕೊಂಡು ಹೋದವನಲ್ಲ. ವಿಷಯವೇ ನಮ್ಮ ಮನೆಯ ಬಾಗಿಲಿಗೆ ಬಂದಿತು. ಹೇಗೆ ಬಂದಿತೆಂಬುದನ್ನು ಮೊದಲು ಹೇಳಿ, ಅನಂತರ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡುತ್ತೇನೆ. ತಪ್ಪಿದ್ದರೆ ಅಧ್ಯಾಪಕರು ತಿದ್ದಬೇಕು.

ನಮ್ಮದು ಮಂಡ್ಯದ ಕಡೆಯ ಒಂದು ಹಳ್ಳಿ. ನಾಲೆಯ ನೀರು ಹರಿಯುವ ಎರಡು ಎಕರೆಯಲ್ಲಿ ಕಬ್ಬು, ಉಳಿದ ಅರ್ಧ ಎಕರೆಯಲ್ಲಿ ಟೊಮ್ಯಾಟೊ, ಬದನೆ. ಅಪ್ಪ ನಾಲ್ಕನೆಯ ತರಗತಿಗೆ ಓದು ಬಿಟ್ಟವರು, ಅವ್ವನದು ಹೆಬ್ಬೆಟ್ಟು. ನಮ್ಮ ವಂಶದಲ್ಲಿ ಪದವಿ ಪರೀಕ್ಷೆಗೆ ಕೂರುವವನು ನಾನೇ ಮೊದಲಿಗ. ತರಕಾರಿಯನ್ನು ಮಾರುಕಟ್ಟೆಗೆ ಸಾಗಿಸಲು ಅಪ್ಪ ಒಂದು ಹಳೆಯ ಪೆಟ್ರೋಲ್ ವ್ಯಾನನ್ನು ಇಟ್ಟುಕೊಂಡಿದ್ದಾರೆ. ಅದು ಕಾರ್ಬುರೇಟರಿನ ಕಾಲದ್ದು. ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದರ ವೈದ್ಯರು ನನ್ನ ಸೋದರಮಾವ. ಊರ ಮುಂದಿನ ರಸ್ತೆಯಲ್ಲಿ ಅವರ ಗ್ಯಾರೇಜು ಇದೆ.

ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಗಿನ ಜಾವ ಮೂರು ಗಂಟೆಗೆ ಟೊಮ್ಯಾಟೊ ಕ್ರೇಟುಗಳನ್ನು ತುಂಬಿಕೊಂಡು ಹೊರಟ ವ್ಯಾನು ನಡುದಾರಿಯಲ್ಲಿ ನಿಂತುಬಿಟ್ಟಿತು. ಬೇರೆ ಗಾಡಿ ಹಿಡಿದು ಹೋಗುವ ವೇಳೆಗೆ ಹರಾಜು ಮುಗಿದು, ಮಾಲು ಅರ್ಧ ಬೆಲೆಗೆ ಹೋಯಿತು. ಮಾವ ಬಂದು ಬಿಚ್ಚಿ ನೋಡಿದರು. ಪೆಟ್ರೋಲ್ ಪಂಪಿನ ಒಳಗಿನ ರಬ್ಬರು ಪೊರೆ ಉಬ್ಬಿ ಹರಿದಿದ್ದಿತು; ಫಿಲ್ಟರಿನಲ್ಲಿ ಟ್ಯಾಂಕಿನ ತುಕ್ಕು ಕಟ್ಟಿಕೊಂಡಿದ್ದಿತು. ಪೆಟ್ರೋಲಿಗೆ ಬೆರೆಸುವ ಎಥನಾಲಿನಿಂದಲೇ ಹೀಗಾಯಿತೆಂದು ಆಣೆಯಿಟ್ಟು ಹೇಳಲಾರೆ, ರಬ್ಬರಿಗೂ ವಯಸ್ಸಾಗಿದ್ದಿತು. ಆದರೆ ನನ್ನ ಪರೀಕ್ಷಾ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣ ರಿಪೇರಿಗೆ ಹೋದುದು ಮಾತ್ರ ನಿಜ. ಅವ್ವ ಸಂಘದಲ್ಲಿ ಸಾಲ ತಂದು ಶುಲ್ಕ ಕಟ್ಟಿದಳು.

ಆ ಸಂಜೆ ಜಗಲಿಯ ಮೇಲೆ ಕುಳಿತು ಮಾವ ಒಂದು ಹೊಸ ಸಲಹೆ ಕೊಟ್ಟರು:

"ಅಲ್ಲ ಭಾವ, ಅರೆಬರೆ ಬೆರಸಿದ್ದ ಕುಡಿಸಿ ಗಾಡಿ ಕೆಡಿಸೋದ್ಯಾಕೆ? ಪೂರ್ತಿ ಎಥನಾಲ್‌ಗೇ ತಿರುಗಿಸಿಬುಡಾನ. ಜೆಟ್ಟು ಒಂಚೂರು ದೊಡ್ಡದು ಮಾಡುದ್ರೆ ಆಯ್ತು. ನಮ್ಮ ಕಬ್ಬು, ನಮ್ಮ ಗಾಡಿ!"

ಅಪ್ಪ ಕೂಡಲೇ ಉತ್ತರ ಕೊಡದೆ ನನ್ನ ಕಡೆಗೆ ತಿರುಗಿದರು: "ಮೂರು ವರ್ಷದಿಂದ ಕಾಲೇಜಿಗೋಯ್ತಾ ಇದ್ದೀಯಲ್ಲ ಮಗ, ನೀನೇನಂತೀಯ? ತಿರುಗಿಸ್‌ಬೋದಾ?"

ನಾನು ನಿರುತ್ತರನಾದೆ. ರಾಷ್ಟ್ರೀಯ ವರಮಾನವೆಂದರೇನೆಂದು ಬರೆಯಬಲ್ಲೆ. ವಿದೇಶೀ ವಿನಿಮಯದ ಮೇಲೆ ನಾಲ್ಕು ಪುಟ ತುಂಬಿಸಬಲ್ಲೆ. ಆದರೆ ನನ್ನನ್ನು ಓದಿಸಿದ ವ್ಯಾನಿನ ಮೇಲೆ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ರಜೆ ಮುಗಿಸಿ ಬಂದವನು ಕಾಲೇಜಿನ ಗ್ರಂಥಭಂಡಾರದಲ್ಲಿಯೂ ಪಾಲಿಟೆಕ್ನಿಕ್ಕಿನ ಮಿತ್ರನ ಪುಸ್ತಕಗಳಲ್ಲಿಯೂ ತಲೆ ಹಾಕಿದೆ. ಅಪ್ಪನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರವೇ ಈ ಲೇಖನ.

ಮೊದಲನೆಯದಾಗಿ, ಪೆಟ್ರೋಲ್ ಎಂಜಿನನ್ನು ಮದ್ಯಸಾರಕ್ಕೆ, ಎಂದರೆ ಎಥನಾಲಿಗೆ, ತಿರುಗಿಸಬಹುದೇ? ಖಂಡಿತವಾಗಿ ತಿರುಗಿಸಬಹುದು. ಆದರೆ ಅದು ಮಾವ ಹೇಳಿದಂತೆ ಜೆಟ್ಟೊಂದರ ಕೆಲಸವಲ್ಲ.

ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕ ಉಂಟಾದುದರಿಂದ ಅದಕ್ಕೆ 9 ಕಿಲೋ ಗಾಳಿ ಸಾಕು. ಎಂಜಿನು ಪ್ರತಿ ಉಸಿರಿಗೆ ಎಳೆದುಕೊಳ್ಳುವ ಗಾಳಿ ಮಾತ್ರ ಮೊದಲಿನಷ್ಟೇ. ಆದುದರಿಂದ ಅದೇ ಗಾಳಿಗೆ ಮೊದಲಿಗಿಂತ ಹೆಚ್ಚು ಎಥನಾಲನ್ನು ಕೊಡಬೇಕಾಗುತ್ತದೆ. ಇದರ ಇನ್ನೊಂದು ಮುಖ ಶಕ್ತಿಯ ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ಎಥನಾಲಿನಲ್ಲಿರುವುದು ಸುಮಾರು 21. ಎರಡು ಲೆಕ್ಕಗಳೂ ಒಂದೇ ಕಡೆಗೆ ಬಂದು ನಿಲ್ಲುತ್ತವೆ: ಲೀಟರಿನ ಅಳತೆಯಲ್ಲಿ ಸುಮಾರು ಒಂದೂವರೆ ಪಾಲು ಇಂಧನ ಬೇಕು. ಜೆಟ್ಟಿನ ರಂಧ್ರದ ವಿಸ್ತಾರ ಒಂದೂವರೆ ಪಾಲಾಗಬೇಕಾದರೆ ಅದರ ಅಡ್ಡಗಲವನ್ನು ನೂರಕ್ಕೆ 22ರಷ್ಟು ಹೆಚ್ಚಿಸಬೇಕು. ಈ ಲೆಕ್ಕ ಮಾತ್ರ ಮಾಡಿ ಕೈತೊಳೆದುಕೊಂಡರೆ, ಲೀಟರಿಗೆ 14 ಕಿಲೋಮೀಟರು ಓಡುವ ಗಾಡಿ ಒಂಬತ್ತರ ಮೇಲೆ ಸ್ವಲ್ಪ ಓಡೀತು, ಅಷ್ಟೆ.

ಎಥನಾಲಿಗೆ ಒಂದು ದೊಡ್ಡ ಗುಣವುಂಟು. ಅದನ್ನು ಬಿಗಿಯಾಗಿ ಒತ್ತಿದರೂ ಅಕಾಲದಲ್ಲಿ ಸಿಡಿಯುವುದಿಲ್ಲ. ಮೆಕ್ಯಾನಿಕ್ಕುಗಳು ನಾಕಿಂಗ್ ಎಂದು ಕರೆಯುವ ಬಡಿತ ಬರುವುದಿಲ್ಲ. ಆದುದರಿಂದ ಹಳೆಯ ಪೆಟ್ರೋಲ್ ಎಂಜಿನಿನಲ್ಲಿ 8 ಅಥವಾ 9 ಇರುವ ಸಂಪೀಡನದ ಪ್ರಮಾಣವನ್ನು 12ರವರೆಗೂ ಏರಿಸಬಹುದು. ಏರಿಸಿದರೆ ಕಳೆದುಕೊಂಡ ಶಕ್ತಿಯಲ್ಲಿ ಒಂದಂಶ ಹಿಂದಕ್ಕೆ ಬರುತ್ತದೆ. ಆದರೆ ಅದಕ್ಕೆ ಹೆಡ್ಡನ್ನು ಸವರಬೇಕು ಇಲ್ಲವೇ ಪಿಸ್ಟನ್ನು ಬದಲಾಯಿಸಬೇಕು, ಕಿಡಿಯ ಕಾಲವನ್ನೂ ಹೊಂದಿಸಬೇಕು. ಹಾಗೆ ಮಾಡಿದ ಮೇಲೆ ಆ ಎಂಜಿನು ಸಾಧಾರಣ ಪೆಟ್ರೋಲಿಗೆ ಒಗ್ಗುವುದಿಲ್ಲ. ಬಿಟ್ಟ ಮನೆಗೆ ಹಿಂದಿರುಗುವ ದಾರಿ ಮುಚ್ಚಿತೆಂದೇ ತಿಳಿಯಬೇಕು.

ಇನ್ನು ಚಳಿಯ ವಿಚಾರ. ಸುಮಾರು 13 ಡಿಗ್ರಿಗಿಂತ ಕೆಳಗೆ ಎಥನಾಲಿನಿಂದ ಹೊತ್ತಿಕೊಳ್ಳುವಷ್ಟು ಆವಿ ಏಳುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಇದರಿಂದ ತೊಂದರೆಯಿಲ್ಲ. ಆದರೆ ಪುಷ್ಯಮಾಸದ ಚಳಿಯಲ್ಲಿ ಬೆಳಗಿನ ಜಾವ ಮಾರುಕಟ್ಟೆಗೆ ಹೊರಡುವ ವ್ಯಾನು ಮೊಂಡು ಹಿಡಿಯುವುದು ಖಂಡಿತ. ಇದಕ್ಕಾಗಿಯೇ ಬ್ರೆಜಿಲ್ಲಿನ ಮದ್ಯಸಾರದ ಕಾರುಗಳಲ್ಲಿ ಹೊರಡುವಾಗ ಮಾತ್ರ ಬಳಸಲು ಒಂದು ಪುಟ್ಟ ಪೆಟ್ರೋಲ್ ಡಬ್ಬಿಯನ್ನು ಪ್ರತ್ಯೇಕವಾಗಿ ಇಡುತ್ತಿದ್ದರು.

ಕಡೆಯದು ಲೋಹ ಮತ್ತು ರಬ್ಬರಿನ ಮಾತು. ಎಥನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸುತ್ತದೆ. ಸತುವಿನ ಮಿಶ್ರಲೋಹದ ಕಾರ್ಬುರೇಟರನ್ನೂ ಅಲ್ಯೂಮಿನಿಯಮನ್ನೂ ಕೊರೆಯುತ್ತದೆ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕುಳಿತ ಕೊಳೆಯನ್ನು ಕರಗಿಸಿ ತಂದು ಫಿಲ್ಟರಿನಲ್ಲಿ ತುಂಬುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಇಲ್ಲಿ ಒಂದು ಸ್ವಾರಸ್ಯವುಂಟು. ಶುದ್ಧ ಎಥನಾಲಿಗೆ ಸ್ವಲ್ಪ ನೀರು ಸೇರಿದರೆ ಬಾಧಕವಿಲ್ಲ. ಬ್ರೆಜಿಲ್ಲಿನಲ್ಲಿ ಮಾರುವುದೇ ನೂರಕ್ಕೆ ಐದರ ಆಸುಪಾಸು ನೀರಿರುವ ಮದ್ಯಸಾರ. ಆದರೆ ಪೆಟ್ರೋಲಿನೊಡನೆ ಬೆರೆಸಿದಾಗ ನೀರು ಒಂದು ಮಿತಿ ಮೀರಿತೆಂದರೆ, ಎಥನಾಲು ಪೆಟ್ರೋಲಿನ ಸಂಗ ಬಿಟ್ಟು ನೀರಿನೊಡನೆ ಕೂಡಿಕೊಂಡು ತಳಕ್ಕಿಳಿಯುತ್ತದೆ. ಎಂಜಿನಿಗೆ ಇಂಧನವನ್ನು ಎಳೆಯುವ ಕೊಳವೆ ಇರುವುದೂ ತಳದಲ್ಲಿಯೇ!

ಇಷ್ಟನ್ನೂ ಒಂದು ದೇಶ ಮಾಡಿ ತೋರಿಸಿದೆ. 1973ರಲ್ಲಿ ತೈಲದ ಬೆಲೆ ಏರಿದಾಗ ಬ್ರೆಜಿಲ್ ತತ್ತರಿಸಿತು. 1975ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ರಾಷ್ಟ್ರೀಯ ಮದ್ಯಸಾರ ಯೋಜನೆಯನ್ನು ಘೋಷಿಸಿತು. ಸಾವೊ ಜೋಸೆ ದೋಸ್ ಕಾಂಪೋಸ್ ನಗರದ ವಾಯುಯಾನ ತಂತ್ರಜ್ಞಾನ ಕೇಂದ್ರದಲ್ಲಿ ಊರ್ಬಾನೊ ಎರ್ನೆಸ್ತೊ ಸ್ಟುಂಫ್ ಎಂಬ ಎಂಜಿನಿಯರು ಪೆಟ್ರೋಲ್ ಎಂಜಿನುಗಳನ್ನು ಮದ್ಯಸಾರಕ್ಕೆ ತಿರುಗಿಸುವ ಕೆಲಸದಲ್ಲಿ ತೊಡಗಿದ್ದರು. 1976ರಲ್ಲಿ ಹೀಗೆ ಮಾರ್ಪಡಿಸಿದ ಮೂರು ಕಾರುಗಳನ್ನು ಜನರ ಕಣ್ಣಮುಂದೆಯೇ ದೇಶದುದ್ದಕ್ಕೂ ಓಡಿಸಿದರು. 1979ರಲ್ಲಿ ಕಾರ್ಖಾನೆಯಿಂದಲೇ ಮದ್ಯಸಾರಕ್ಕೆಂದು ತಯಾರಾದ ಫಿಯೆಟ್ 147 ಮಾರುಕಟ್ಟೆಗೆ ಬಂದಿತು. ಕಾರ್ಬುರೇಟರಿಗೆ ನಿಕ್ಕಲ್ ಲೇಪ, ಸಂಪೀಡನಕ್ಕೆ ಹೊಸ ಪ್ರಮಾಣ, ಚಳಿಗೆ ಪುಟ್ಟ ಡಬ್ಬಿ, ಹೀಗೆ ಒಂದೊಂದು ತೊಂದರೆಗೂ ಒಂದೊಂದು ಪರಿಹಾರವನ್ನು ಎಂಜಿನಿಯರುಗಳು ಕಂಡುಹಿಡಿದರು. 1980ರ ದಶಕದ ನಡುವಿನಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮದ್ಯಸಾರದವೇ ಆಗಿದ್ದವು.

ಇಲ್ಲಿಗೇ ನಿಂತಿದ್ದರೆ ಕಥೆ ಮಂಗಳವಾಗುತ್ತಿದ್ದಿತು. ಆದರೆ 1986ರಲ್ಲಿ ತೈಲದ ಬೆಲೆ ಕುಸಿಯಿತು. ಮುಂದೆ ಸಕ್ಕರೆಗೆ ಒಳ್ಳೆಯ ಬೆಲೆ ಬಂದಾಗ ಗಿರಣಿಗಳು ಸಕ್ಕರೆಯ ಕಡೆಗೆ ವಾಲಿದವು. 1989ರಲ್ಲಿ ಮದ್ಯಸಾರಕ್ಕೆ ಬರ ಬಂದಿತು. ಸರ್ಕಾರದ ಮಾತನ್ನು ನಂಬಿ ಮದ್ಯಸಾರದ ಕಾರು ಕೊಂಡವರು ಬಂಕುಗಳ ಮುಂದೆ ಸಾಲುಗಟ್ಟಿ ನಿಂತರು. ಜನರ ನಂಬಿಕೆ ಹೋಯಿತು. ಆ ಕಾರುಗಳ ಮಾರಾಟ ಬಿದ್ದುಹೋಯಿತು. ನಂಬಿಕೆ ಮರಳಿದುದು 2003ರಲ್ಲಿ. ಪೆಟ್ರೋಲು, ಮದ್ಯಸಾರ, ಎರಡರ ಯಾವ ಮಿಶ್ರಣಕ್ಕಾದರೂ ಒಗ್ಗುವ ಫೋಕ್ಸ್‌ವಾಗನ್ ಗೋಲ್ ಕಾರು ಆ ವರ್ಷ ಹೊರಬಂದಿತು. ಈಗ ಅಲ್ಲಿನ ವಾಹನದ ಒಡೆಯನು ಬಂಕಿನಲ್ಲಿ ನಿಂತು ಲೆಕ್ಕ ಹಾಕುತ್ತಾನೆ: ಮದ್ಯಸಾರದ ಬೆಲೆ ಪೆಟ್ರೋಲಿನ ಬೆಲೆಯ ನೂರಕ್ಕೆ 70ಕ್ಕಿಂತ ಕಡಮೆಯಿದ್ದರೆ ಅದು, ಇಲ್ಲವಾದರೆ ಇದು. ಯಂತ್ರದ ಸುಧಾರಣೆಗಿಂತಲೂ ಹೆಚ್ಚಾಗಿ, ಆಯ್ಕೆ ಒಡೆಯನ ಕೈಗೆ ಬಂದುದೇ ಜನರ ನಂಬಿಕೆಯನ್ನು ಮರಳಿ ತಂದಿತೆಂದು ನನಗೆ ತೋರುತ್ತದೆ.

ನಮ್ಮ ದೇಶಕ್ಕೂ ಈ ವಿಚಾರ ಹೊಸತಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, ಎಂದರೆ 1948ರಲ್ಲಿ, ಭಾರತೀಯ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತು. 2003ರಲ್ಲಿ ಹಲವು ರಾಜ್ಯಗಳಲ್ಲಿ ನೂರಕ್ಕೆ 5 ಭಾಗ ಬೆರೆಸುವ ಕಾರ್ಯಕ್ರಮ ಮೊದಲಾಯಿತು. 2018ರ ಜೈವಿಕ ಇಂಧನ ನೀತಿ 20 ಭಾಗದ ಗುರಿಯನ್ನು 2030ಕ್ಕೆ ಇಟ್ಟಿದ್ದಿತು. 2022ರಲ್ಲಿ ಅದನ್ನು 2025-26ಕ್ಕೆ ಹಿಂದಕ್ಕೆಳೆದುಕೊಂಡರು. 2023ರ ಫೆಬ್ರವರಿಯಲ್ಲಿ 20 ಭಾಗದ ಪೆಟ್ರೋಲಿಗೆ ಚಾಲನೆ ದೊರೆತುದು ನಮ್ಮ ಬೆಂಗಳೂರಿನಲ್ಲಿಯೇ. 2025ರಲ್ಲಿ ಗುರಿ ಮುಟ್ಟಿದೆವೆಂದು ಸರ್ಕಾರ ಹೇಳಿತು. ಸಾಮಾನ್ಯ ಪೆಟ್ರೋಲೆಂದು ಇಂದು ಬಂಕುಗಳಲ್ಲಿ ಸಿಗುವುದು ಬಹುಮಟ್ಟಿಗೆ ಈ ಮಿಶ್ರಣವೇ.

ಇದರಲ್ಲಿ ಒಳಿತಿಲ್ಲವೆಂದು ನಾನು ಹೇಳುವುದಿಲ್ಲ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪರದೇಶಗಳಿಂದ ಬರುತ್ತದೆ. ಅಷ್ಟರಮಟ್ಟಿಗೆ ಹಣ ಒಳಗೇ ಉಳಿದರೆ ಯಾರಿಗೆ ಬೇಡ? ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ 1933ರಲ್ಲಿ ಸ್ಥಾಪನೆಯಾದಂದಿನಿಂದ ನಮ್ಮ ಸೀಮೆಯ ಬಾಳು ಕಬ್ಬಿನೊಡನೆ ಬೆಸೆದುಕೊಂಡಿದೆ. ಗಿರಣಿಗೆ ಎಥನಾಲಿನ ಹಣ ಬೇಗ ಬಂದರೆ ರೈತನ ಬಾಕಿಯೂ ಬೇಗ ತೀರಬಹುದೆಂಬ ಆಸೆ ನಮ್ಮ ಮನೆಯಲ್ಲಿಯೂ ಉಂಟು. ಆದರೆ ಅದೇ ಕಬ್ಬು ಬೆಳೆಯುವ ನನ್ನ ಅಪ್ಪನೇ ಹಳೆಯ ವ್ಯಾನಿನ ಒಡೆಯನೂ ಹೌದು. ಒಂದು ಕೈಯಲ್ಲಿ ಪಡೆದುದನ್ನು ಇನ್ನೊಂದು ಕೈಯಲ್ಲಿ ತೆರಬೇಕಾದರೆ, ಎಷ್ಟು ಪಡೆದೆ, ಎಷ್ಟು ತೆತ್ತೆ ಎಂದು ಕೇಳುವ ಅಧಿಕಾರ ಅವರಿಗಿಲ್ಲವೇ?

ಲೆಕ್ಕ ಕಷ್ಟವಾದುದೇನೂ ಅಲ್ಲ. ಹತ್ತು ಲೀಟರಿನಲ್ಲಿ ಎರಡು ಲೀಟರು ಎಥನಾಲಾದರೆ, ಮೇಲೆ ಹೇಳಿದ ಅಂಕಿಗಳ ಪ್ರಕಾರ ಶಕ್ತಿಯಲ್ಲಿ ನೂರಕ್ಕೆ ಸುಮಾರು 7ರಷ್ಟು ಕಡಮೆಯಾಗುತ್ತದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ, 20 ಭಾಗಕ್ಕೆಂದು ತಯಾರಾಗದ ಹಳೆಯ ಕಾರುಗಳ ಮೈಲೇಜು ನೂರಕ್ಕೆ 6ರಿಂದ 7ರಷ್ಟು ಇಳಿಯಬಹುದೆಂದು ಒಪ್ಪಿದೆ. ಅದೇ ವರದಿ, ಶಕ್ತಿ ಕಡಮೆಯಾದುದಕ್ಕೆ ಪ್ರತಿಯಾಗಿ ಈ ಇಂಧನದ ಬೆಲೆಯನ್ನೂ ಕಡಮೆ ಮಾಡಬೇಕೆಂದು ಹೇಳಿತ್ತು. ಬೆಲೆ ಕಡಮೆಯಾಗಲಿಲ್ಲ. ಎಥನಾಲಿನ ಬೆಲೆಯೇ ಏರಿದೆಯೆಂಬುದು 2025ರಲ್ಲಿ ಸರ್ಕಾರ ಹೇಳಿದ ಸಮಾಧಾನ. ಸಮಾಧಾನ ನಿಜವೇ ಇರಬಹುದು. ಆದರೆ ಅದರಿಂದ ವ್ಯಾನು ಒಂದು ಫರ್ಲಾಂಗೂ ಹೆಚ್ಚು ಓಡುವುದಿಲ್ಲ.

ನೀರಿನ ಲೆಕ್ಕವನ್ನೂ ಮರೆಯಬಾರದು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ಬರಬೇಕಾದರೆ ಸುಮಾರು 2,860 ಲೀಟರ್ ನೀರು ಬೇಕೆಂದು ಆ ವರದಿಯೇ ಹೇಳುತ್ತದೆ. ಮೂವತ್ತು ಲೀಟರಿನ ಒಂದು ಟ್ಯಾಂಕಿಗೆ ಎಂಬತ್ತೈದು ಸಾವಿರ ಲೀಟರಿಗೂ ಮೀರಿದ ನೀರು! ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮಾಡುವ ಎಥನಾಲಿನ ಮೇಲೆ ಇಷ್ಟು ಭಾರವನ್ನೂ ಹೊರಿಸುವುದು ನ್ಯಾಯವಲ್ಲ, ನಿಜ. ಆದರೆ ಕಬ್ಬಿನ ಹಾಲನ್ನೇ ನೇರವಾಗಿ ಬಟ್ಟಿ ಇಳಿಸುವುದು ಬೇರೆ ಮಾತು. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದನ್ನು ಸರ್ಕಾರವೇ ತಡೆಯಬೇಕಾಯಿತು. 2024ರ ಆಗಸ್ಟಿನಲ್ಲಿ ತಡೆಯನ್ನು ತೆಗೆಯಿತು. ಅಣೆಕಟ್ಟಿನ ನೀರಿನ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡಿ ಬೆಳೆದ ನಮ್ಮಂಥವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರೆಜಿಲ್ಲಿನ 1989 ನಮ್ಮಲ್ಲಿಯೂ ಬರಲಾರದೆಂದು ಯಾರು ಹೇಳಬಲ್ಲರು?

ಈಗ ನನ್ನ ಅಭಿಪ್ರಾಯ. ಗ್ಯಾರೇಜಿನಲ್ಲಿ ಜೆಟ್ಟು ಕೊರೆದು ಮಾಡುವ ಅರ್ಧಂಬರ್ಧ ಮಾರ್ಪಾಟು ಕೂಡದು. ಯಂತ್ರ ಕೆಡುವುದರ ಜೊತೆಗೆ ಕಾನೂನೂ ಅಡ್ಡ ಬರುತ್ತದೆ; 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ತಯಾರಕರ ನಮೂನೆಯನ್ನು ಮನಬಂದಂತೆ ಬದಲಾಯಿಸುವ ಹಾಗಿಲ್ಲ. ಇಂಧನವಾದರೂ ಎಲ್ಲಿದೆ? 2024ರ ಮಾರ್ಚಿನಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ಕಡೆಗಳ ಆಯ್ದ ಬಂಕುಗಳಲ್ಲಿ ಎಥನಾಲ್ 100 ಎಂಬ ಇಂಧನದ ಮಾರಾಟ ಮೊದಲಾಯಿತಾದರೂ ಅದು ನಮ್ಮೂರ ದಾರಿಯನ್ನು ಹಿಡಿದಿಲ್ಲ.

ಆದರೆ ಮಾರ್ಪಾಟೇ ಬೇಡವೆಂಬುದು ನನ್ನ ವಾದವಲ್ಲ. ಗ್ಯಾಸಿಗೆ ತಿರುಗಿಸಲು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಸಾಮಗ್ರಿಗಳು ಇರುವಂತೆ ಎಥನಾಲಿಗೂ ಇರಲಿ. ಹಳೆಯ ಗಾಡಿಗಳ ರಬ್ಬರು ಕೊಳವೆ, ಪಂಪಿನ ಪೊರೆ, ಸೀಲುಗಳನ್ನು ಬದಲಾಯಿಸಲು ಬಡ ಒಡೆಯನಿಗೆ ನೆರವು ದೊರೆಯಲಿ. ನಮ್ಮ ಮಾವನಂತಹ ಮೆಕ್ಯಾನಿಕ್ಕುಗಳಿಗೆ ಕನ್ನಡದಲ್ಲಿ ಹತ್ತು ದಿನದ ಶಿಕ್ಷಣ ಕೊಡಲಿ. ಅವರಲ್ಲಿ ಬುದ್ಧಿಯ ಕೊರತೆಯಿಲ್ಲ, ಅವರಿಗೆ ಹೇಳಿಕೊಡುವವರಿಲ್ಲ. ಬಂಕಿನಲ್ಲಿ ಎಷ್ಟು ಭಾಗ ಎಥನಾಲೆಂಬುದನ್ನು ಓದಬಲ್ಲ ಕನ್ನಡದಲ್ಲಿ ಬರೆಯಲಿ. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಗಾಡಿಯವನಿಗೆ ಆಯ್ಕೆಯಿರಲಿ, ಇಲ್ಲವೇ ಬೆಲೆಯಲ್ಲಿ ರಿಯಾಯಿತಿಯಿರಲಿ. ದೇಶದ ಹಿತಕ್ಕಾಗಿ ತ್ಯಾಗ ಮಾಡೆಂದರೆ ನಮ್ಮ ಜನ ಹಿಂಜರಿಯುವವರಲ್ಲ. ಆದರೆ ತ್ಯಾಗವೆಂದು ಹೇಳಿ ಕೇಳಬೇಕು, ಗೊತ್ತಿಲ್ಲದಂತೆ ಜೇಬಿನಿಂದ ತೆಗೆದುಕೊಳ್ಳಬಾರದು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಈ ಲೆಕ್ಕವನ್ನೆಲ್ಲ ಅಪ್ಪನಿಗೆ ಒಪ್ಪಿಸಿದೆ. ಮಾವನೂ ಬಂದು ಕುಳಿತಿದ್ದರು. ಮೊದಲು ಸ್ವಲ್ಪ ಮುನಿಸಿಕೊಂಡರು. ರಂಧ್ರದ ಅಡ್ಡಗಲದ ಲೆಕ್ಕವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಾಗ ಬಗ್ಗಿ ನೋಡಿ, "ಇದ ನಂಗೆ ಯಾರೂ ಹೇಳಿರ್ನಿಲ್ಲ ಕಣಪ್ಪ" ಎಂದರು. ವ್ಯಾನನ್ನು ತಿರುಗಿಸಲಿಲ್ಲ. ಎಥನಾಲಿಗೆ ತಾಳುವ ಹೊಸ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಹಾಕಿ, ಟ್ಯಾಂಕನ್ನು ಇಳಿಸಿ ತೊಳೆದು, ಮಳೆಗಾಲದಲ್ಲಿ ಅರೆಬರೆ ಟ್ಯಾಂಕಿನಲ್ಲಿ ಗಾಡಿಯನ್ನು ದಿನಗಟ್ಟಲೆ ನಿಲ್ಲಿಸಕೂಡದೆಂದು ಗೊತ್ತುಮಾಡಿಕೊಂಡೆವು. ಖರ್ಚಿನ ಚೀಟಿ ನನ್ನ ಬಳಿ ಇದೆ. ಮೈಲೇಜು ಹಿಂದಕ್ಕೆ ಬಂದಿಲ್ಲ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಸಹಪಾಠಿ ಮಿತ್ರರಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಬಹುಮಂದಿ ಮನೆಗೆ ಮೊದಲನೆಯ ಪದವೀಧರರು. ಊರಿಗೆ ಹೋದಾಗ ನಮ್ಮ ಹಿರಿಯರು ಕೇಳುವ ಪ್ರಶ್ನೆಗಳು ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿ ಬರುವುದಿಲ್ಲ. ಅದು ನಮ್ಮ ವಿಷಯವಲ್ಲವೆಂದು ಹೇಳಿ ತಪ್ಪಿಸಿಕೊಳ್ಳದೆ, ತಿಳಿದವರನ್ನು ಕೇಳಿ ತಿಳಿದುಕೊಂಡು ಹೋಗಿ ಹೇಳೋಣ. ಮುಂದಿನ ವರ್ಷ ನಮ್ಮ ಅರ್ಥಶಾಸ್ತ್ರ ಸಂಘವು ಪಾಲಿಟೆಕ್ನಿಕ್ಕಿನವರನ್ನೂ ಒಬ್ಬ ಕಬ್ಬಿನ ಬೆಳೆಗಾರರನ್ನೂ ಒಬ್ಬ ಮೆಕ್ಯಾನಿಕ್ಕನ್ನೂ ಕರೆಸಿ ಈ ವಿಷಯದ ಮೇಲೆ ಒಂದು ಚರ್ಚೆಯನ್ನು ಏರ್ಪಡಿಸಬೇಕೆಂದು ಪೂಜ್ಯ ಅಧ್ಯಾಪಕರಲ್ಲಿ ಪ್ರಾರ್ಥಿಸುತ್ತೇನೆ. ಆ ವೇಳೆಗೆ ನಾನು ಈ ಕಾಲೇಜನ್ನು ಬಿಟ್ಟಿರುತ್ತೇನೆ. ಆದರೂ ಮೆಕ್ಯಾನಿಕ್ಕನ್ನು ಕರೆತರುವ ಹೊಣೆ ನನ್ನದು.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ